ಬಾಯಿಲ್ಲದ ಪತಂಗ

ಮಳೆಗಾಲದ ರಾತ್ರಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಯಾವ ಮನೆಯ ಜಗಲಿಯಲ್ಲಿ ದೀಪ ಹಚ್ಚಿದರೂ ಅತಿಥಿಗಳಿಗೆ ಕೊರತೆಯಿಲ್ಲ. ರೆಕ್ಕೆ ಬಂದ ಗೆದ್ದಲುಗಳು, ಜೀರುಂಡೆಗಳು, ಮಿಡತೆಗಳು, ಬೂದಿ ಬಣ್ಣದ ನೂರಾರು ಸಣ್ಣ ಪತಂಗಗಳು ಗೋಡೆಯನ್ನು ಮುತ್ತಿಕೊಳ್ಳುತ್ತವೆ. ಇವುಗಳ ನಡುವೆ ವರ್ಷದಲ್ಲಿ ಎಂದೋ ಒಂದು ರಾತ್ರಿ, ಗೇಣುದ್ದ ರೆಕ್ಕೆ ಬಿಚ್ಚಿದ ಕೆಂಗಂದು ಬಣ್ಣದ ಜೀವಿಯೊಂದು ತೇಲುತ್ತ ಬಂದು ಗೋಡೆಗೆ ಅಂಟಿಕೊಳ್ಳುತ್ತದೆ. ಬಾವಲಿಯೆಂದು ಮಕ್ಕಳು ಕೂಗಿಕೊಳ್ಳುವುದುಂಟು. ಬೆಳಗಾದರೂ ಅದು ಕದಲುವುದಿಲ್ಲ. ಹೆದರಿದವರು ಪೊರಕೆಯನ್ನು ತರುತ್ತಾರೆ. ಕುತೂಹಲವುಳ್ಳವರು ಹತ್ತಿರ ಹೋಗಿ ನೋಡುತ್ತಾರೆ. ಈ ಲೇಖನ ಎರಡನೆಯವರಿಗಾಗಿ. ಮೊದಲನೆಯವರು ಓದಿದರೂ ಸಂತೋಷವೇ.

ಇದರ ಹೆಸರು ಅಟ್ಲಾಸ್ ಪತಂಗ. ಭೂಪಟಗಳ ಪುಸ್ತಕಕ್ಕೂ ಇದಕ್ಕೂ ಹೆಸರು ಒಂದೇ. ಎರಡಕ್ಕೂ ಮೂಲ ಆಕಾಶವನ್ನು ಹೆಗಲ ಮೇಲೆ ಹೊತ್ತ ಗ್ರೀಕ್ ಪುರಾಣದ ದೈತ್ಯ. ಸ್ವೀಡನ್ನಿನ ಲಿನೇಯಸ್ ೧೭೫೮ರಲ್ಲಿ ಏಷ್ಯದ ಈ ಪತಂಗಕ್ಕೆ ಅಟ್ಲಾಸ್ ಎಂದು ಹೆಸರಿಟ್ಟನು. ದಕ್ಷಿಣ ಭಾರತ ಮತ್ತು ಶ್ರೀಲಂಕೆಗಳಲ್ಲಿರುವುದು ಇದರ ಹತ್ತಿರದ ಬಂಧುವಾದ ಬೇರೆಯೇ ಪ್ರಭೇದವೆಂದು ಫ್ರೆಡರಿಕ್ ಮೂರ್ ಎಂಬ ಕೀಟಶಾಸ್ತ್ರಜ್ಞನು ೧೮೮೦ರ ದಶಕದಲ್ಲಿ ವರ್ಣಿಸಿ, ಅದನ್ನು ‘ಅಟಾಕಸ್ ಟ್ಯಾಪ್ರೊಬಾನಿಸ್’ ಎಂದು ಕರೆದನು. ಟ್ಯಾಪ್ರೊಬೇನ್ ಎಂಬುದು ಪ್ರಾಚೀನ ಗ್ರೀಕರು ಸಿಂಹಳದ್ವೀಪಕ್ಕೆ ಇಟ್ಟಿದ್ದ ಹೆಸರು. ಹಳೆಯ ಪುಸ್ತಕಗಳಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆದಿರುವುದುಂಟು. ನಮ್ಮ ಮಲೆನಾಡಿನದು ಮೂರ್ ವರ್ಣಿಸಿದ ಪ್ರಭೇದ. ನೆರೆಯ ಮಲಯಾಳಿಗಳು ಇದನ್ನು ನಾಗಶಲಭವೆನ್ನುತ್ತಾರೆ. ಹಾಗೇಕೆನ್ನುತ್ತಾರೆಂಬುದು ಮುಂದೆ ತಿಳಿಯುತ್ತದೆ.

ಚಿಟ್ಟೆ ಯಾವುದು, ಪತಂಗ ಯಾವುದು ಎಂಬ ಸಂದೇಹ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಆಡುಮಾತಿನಲ್ಲಿ ಎರಡನ್ನೂ ಚಿಟ್ಟೆಯೆಂದೇ ಕರೆಯುತ್ತೇವೆ. ಹಗಲು ಹಾರುವುದು ಚಿಟ್ಟೆ, ರಾತ್ರಿ ಹಾರುವುದು ಪತಂಗ ಎಂಬ ಸೂತ್ರಕ್ಕೆ ಅಪವಾದಗಳು ಬಹಳ. ತಲೆಯ ಮೇಲಿನ ಕುಡಿಮೀಸೆಗಳನ್ನು ನೋಡುವುದು ಹೆಚ್ಚು ನಂಬಬಹುದಾದ ಉಪಾಯ. ಚಿಟ್ಟೆಯ ಕುಡಿಮೀಸೆ ತೆಳ್ಳಗಿದ್ದು ತುದಿಯಲ್ಲಿ ಬೆಂಕಿಕಡ್ಡಿಯ ಹಾಗೆ ದಪ್ಪನಾಗಿರುತ್ತದೆ. ಪತಂಗದ ಕುಡಿಮೀಸೆ ದಾರದಂತೆಯೋ ಬಾಚಣಿಗೆಯಂತೆಯೋ ಹಕ್ಕಿಯ ಗರಿಯಂತೆಯೋ ಇದ್ದು, ತುದಿಗೆ ಹೋದಂತೆ ಸಣ್ಣದಾಗುತ್ತದೆ.

ಈಗ ಗೋಡೆಯ ಮೇಲಿನ ಪತಂಗವನ್ನು ನೋಡೋಣ. ಅಟ್ಲಾಸ್ ಪತಂಗಗಳಲ್ಲಿ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ೨೪ ಸೆಂಟಿಮೀಟರುಗಳವರೆಗೂ ಅಳತೆ ಸಿಗುವುದುಂಟು. ಜಗತ್ತಿನಲ್ಲಿ ಇದಕ್ಕಿಂತ ಉದ್ದ ರೆಕ್ಕೆಯ ಪತಂಗವಿಲ್ಲವೆಂದಲ್ಲ. ಅಮೆರಿಕದ ಉಷ್ಣವಲಯದ ಕಾಡುಗಳಲ್ಲಿರುವ ಬಿಳಿಯ ಪತಂಗವೊಂದು ೩೦ ಸೆಂಟಿಮೀಟರುಗಳ ಸಮೀಪಕ್ಕೆ ಬರುತ್ತದೆ. ಆದರೆ ರೆಕ್ಕೆಗಳ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಅಟ್ಲಾಸ್ ಕುಲದವು, ನ್ಯೂಗಿನಿ ಮತ್ತು ಉತ್ತರ ಆಸ್ಟ್ರೇಲಿಯದ ಹರ್ಕ್ಯುಲಿಸ್ ಪತಂಗ, ಇವೇ ಮುಂದು. ಇಷ್ಟಗಲದ ರೆಕ್ಕೆಗೆ ಹೋಲಿಸಿದರೆ ಮೈ ಮಾತ್ರ ಬಲು ಚಿಕ್ಕದು.

ಬಣ್ಣ ಇಟ್ಟಿಗೆಯ ಕೆಂಪಿಗೂ ಒಣಗಿದ ಅಡಿಕೆಸಿಪ್ಪೆಯ ಕಂದಿಗೂ ನಡುವಣದು. ರೆಕ್ಕೆಗಳಿಗೆ ಅಡ್ಡಲಾಗಿ ಬಿಳಿ, ಕಪ್ಪು, ನಸುಗುಲಾಬಿ ಗೆರೆಗಳು ಅಲೆಯಲೆಯಾಗಿ ಹರಿದಿರುತ್ತವೆ. ನಾಲ್ಕು ರೆಕ್ಕೆಗಳಲ್ಲೂ ನಡುವೆ ಒಂದೊಂದು ತ್ರಿಕೋನಾಕಾರದ ಕಿಟಕಿ. ಕಿಟಕಿಯೆಂಬ ಮಾತು ಇಲ್ಲಿ ಅಲಂಕಾರವಲ್ಲ; ಆ ಭಾಗದ ಮೂಲಕ ಬೆಳಕು ನಿಜವಾಗಿಯೂ ಹಾಯುತ್ತದೆ. ಪತಂಗದ ರೆಕ್ಕೆ ಮೂಲತಃ ನೊಣದ ರೆಕ್ಕೆಯಂತೆಯೇ ಪಾರದರ್ಶಕವಾದ ಪೊರೆ. ಅದರ ಮೇಲೆ ಹೆಂಚು ಹೊದಿಸಿದಂತೆ ಸಾಲುಸಾಲಾಗಿ ಅತಿ ಸೂಕ್ಷ್ಮವಾದ ಶಲ್ಕಗಳಿರುತ್ತವೆ. ಬಣ್ಣವೆಲ್ಲ ಈ ಶಲ್ಕಗಳದೇ. ಬೆರಳಿಗೆ ಅಂಟುವ ಪುಡಿಯೂ ಇದೇ. ಈ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತದೆಂದು ಹಿರಿಯರು ಹೆದರಿಸುವುದನ್ನು ನಾನು ಕೇಳಿದ್ದೇನೆ. ಕಣ್ಣು ಉರಿದೀತೇ ಹೊರತು ಕುರುಡಾಗುವ ಭಯಕ್ಕೆ ಆಧಾರವಿಲ್ಲ. ಕಿಟಕಿಯ ಭಾಗದಲ್ಲಿ ಶಲ್ಕಗಳ ಈ ಹೊದಿಕೆ ಇಲ್ಲ. ಕಾಲೇಜಿನ ಸೂಕ್ಷ್ಮದರ್ಶಕದಡಿಯಲ್ಲಿ, ಸತ್ತು ಬಿದ್ದ ಪತಂಗದ ರೆಕ್ಕೆಯ ಚೂರನ್ನು ಕಿಟಕಿಯ ಅಂಚಿನಿಂದ ತೆಗೆದು ನೋಡಿದರೆ, ಹೆಂಚಿನ ಮಾಡು ಎಲ್ಲಿ ಮುಗಿಯಿತು, ಗಾಜು ಎಲ್ಲಿ ತೊಡಗಿತು ಎಂಬುದು ಸೊಗಸಾಗಿ ಕಾಣುತ್ತದೆ.

ಗಂಡು ಹೆಣ್ಣುಗಳನ್ನು ಗುರುತಿಸುವುದು ಕಷ್ಟವಲ್ಲ. ಹೆಣ್ಣಿನ ಮೈ ದಪ್ಪ, ರೆಕ್ಕೆ ಅಗಲ. ಗಂಡಿನ ಮೈ ಸಣ್ಣದು, ಮುಂದಿನ ರೆಕ್ಕೆಯ ತುದಿ ಹೆಚ್ಚು ಕೊಕ್ಕೆಯಾಗಿ ಬಾಗಿರುತ್ತದೆ. ಇವೆರಡಕ್ಕಿಂತ ಖಚಿತವಾದ ಗುರುತು ಕುಡಿಮೀಸೆ. ಗಂಡಿನದು ಎರಡು ಕಡೆಗೂ ಹಲ್ಲುಗಳಿರುವ ಅಗಲ ಬಾಚಣಿಗೆ, ಹೆಣ್ಣಿನದು ಕಿರಿದು. ಇಷ್ಟು ದೊಡ್ಡ ಬಾಚಣಿಗೆ ಗಂಡಿಗೇ ಏಕೆ ಬೇಕಾಯಿತು? ಉತ್ತರ ತಿಳಿಯಬೇಕಾದರೆ ಈ ಪತಂಗದ ಊಟದ ಸಂಗತಿಯನ್ನು ಮೊದಲು ನೋಡಬೇಕು.

ಊಟವೇ ಇಲ್ಲ ಎಂಬುದೇ ಆ ಸಂಗತಿ. ಚಿಟ್ಟೆಗಳು ಹೂವಿನ ಮಧುವನ್ನು ಸುರುಳಿಯಾದ ಕೊಳವೆಯಿಂದ ಹೀರುವುದನ್ನು ನೀವು ನೋಡಿದ್ದೀರಿ. ಅಟ್ಲಾಸ್ ಪತಂಗದಲ್ಲಿ ಈ ಕೊಳವೆ ಕುಗ್ಗಿಹೋಗಿ ಕೆಲಸಕ್ಕೆ ಬಾರದಂತಾಗಿದೆ. ಗೂಡಿನಿಂದ ಹೊರಬಂದ ದಿನದಿಂದ ಸಾಯುವವರೆಗೆ ಅದು ಆಹಾರವನ್ನು ಮುಟ್ಟುವುದಿಲ್ಲ. ಕಂಬಳಿಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬೇ ಬಂಡವಾಳ. ಬಡ್ಡಿಯಿಲ್ಲ, ಹೊಸ ಜಮೆಯೂ ಇಲ್ಲ. ಹಾರಿದಷ್ಟೂ ಕರಗುತ್ತದೆ. ಒಂದು ವಾರ, ಬಹಳವಾದರೆ ಎರಡು ವಾರ. ಅಷ್ಟರಲ್ಲಿ ಬಂಡವಾಳ ಮುಗಿದು ಪತಂಗ ಸಾಯುತ್ತದೆ. ಹಗಲೆಲ್ಲ ಅದು ಗೋಡೆಯ ಮೇಲೆ ಅಲುಗದೆ ಕುಳಿತಿರುವುದು ಸೋಮಾರಿತನದಿಂದಲ್ಲ, ಮಿತವ್ಯಯದಿಂದ. ಇದು ಕಚ್ಚುತ್ತದೆಂದು ಹೆದರುವವರು ಇನ್ನಾದರೂ ಸಮಾಧಾನ ಹೊಂದಬಹುದು. ಕಚ್ಚಲು ಬಾಯಿ ಬೇಡವೆ?

ಇಷ್ಟು ಸ್ವಲ್ಪ ಕಾಲದಲ್ಲಿ, ಕಾಡಿನ ಕತ್ತಲೆಯಲ್ಲಿ, ಎಲ್ಲಿಯೋ ಇರುವ ಒಂದು ಗಂಡು ಎಲ್ಲಿಯೋ ಇರುವ ಒಂದು ಹೆಣ್ಣನ್ನು ಕಂಡುಕೊಳ್ಳಬೇಕು. ಹುಡುಕಾಟದ ಖರ್ಚನ್ನು ಹೆಣ್ಣು ವಹಿಸಿಕೊಳ್ಳುವುದಿಲ್ಲ. ಅದರ ಹೊಟ್ಟೆ ಮೊಟ್ಟೆಗಳಿಂದ ಭಾರವಾಗಿರುತ್ತದೆ. ಅದು ತನ್ನ ಗೂಡಿನ ಹತ್ತಿರವೇ ಕುಳಿತು, ಹೊಟ್ಟೆಯ ತುದಿಯಲ್ಲಿರುವ ಗ್ರಂಥಿಯನ್ನು ಹೊರಚಾಚಿ, ಮನುಷ್ಯರ ಮೂಗಿಗೆ ತಿಳಿಯದ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ಗಂಡು ಆ ಗಾಳಿಯ ಜಾಡು ಹಿಡಿದು ದೂರದಿಂದ ಬರುತ್ತದೆ. ಆ ಅಗಲ ಬಾಚಣಿಗೆ ಗಂಡಿನ ಮೂಗು. ಹಲ್ಲುಗಳು ಹೆಚ್ಚಿದಷ್ಟೂ ಗಾಳಿಯನ್ನು ಸೋಸುವ ಜಾಗ ಹೆಚ್ಚುತ್ತದೆ.

ಇದನ್ನು ಮನುಷ್ಯರು ತಿಳಿದ ಬಗೆ ಸ್ವಾರಸ್ಯವಾದುದು. ಫ್ರಾನ್ಸಿನ ಫಾಬ್ರ್ ಎಂಬ ಕೀಟತಜ್ಞನ ಕೋಣೆಯಲ್ಲಿ ಒಂದು ದಿನ ಬೆಳಗ್ಗೆ ನವಿಲುಕಣ್ಣಿನ ದೊಡ್ಡ ಪತಂಗದ ಹೆಣ್ಣೊಂದು ಗೂಡಿನಿಂದ ಹೊರಬಂದಿತು. ಇದು ನಮ್ಮ ಅಟ್ಲಾಸ್ ಪತಂಗದ ಕುಟುಂಬಕ್ಕೇ ಸೇರಿದ್ದು. ಆತ ಅದನ್ನು ಜಾಲರಿಯ ಪಂಜರದಲ್ಲಿಟ್ಟನು. ಆ ರಾತ್ರಿ ಸುಮಾರು ೪೦ ಗಂಡುಗಳು ಮನೆಯನ್ನು ಹೊಕ್ಕವು. ಕಣ್ಣಿನಿಂದ ನೋಡಿ ಬಂದವೆ, ವಾಸನೆಯಿಂದ ಬಂದವೆ? ಇನ್ನೊಂದು ಜಾತಿಯ ಪತಂಗದ ಹೆಣ್ಣನ್ನು ಆತ ಗಾಜಿನ ಪಾತ್ರೆಯೊಳಗೆ ಎದುರಿಗೇ ಮುಚ್ಚಿಟ್ಟಾಗ ಗಂಡುಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅದು ಮೊದಲು ಕುಳಿತಿದ್ದ ಬರಿದಾದ ಜಾಗವನ್ನೇ ಮುತ್ತಿಕೊಂಡವು. ವಾಸನೆಯ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆ ವಾಸನೆ ಯಾವ ವಸ್ತುವಿನದೆಂದು ಮೊದಲು ತೋರಿಸಿಕೊಟ್ಟವನು ಜರ್ಮನಿಯ ರಸಾಯನಶಾಸ್ತ್ರಜ್ಞ ಬುಟೆನಾಂಟ್. ಆತನೂ ಆತನ ಸಂಗಡಿಗರೂ ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳ ಗ್ರಂಥಿಗಳಿಂದ ಕೆಲವೇ ಮಿಲಿಗ್ರಾಮುಗಳಷ್ಟು ವಸ್ತುವನ್ನು ಬೇರ್ಪಡಿಸಿ, ೧೯೫೯ರಲ್ಲಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಪ್ರತಿಯೊಂದು ಜಾತಿಯೂ ತನ್ನದೇ ಆದ ವಾಸನೆಯ ಭಾಷೆಯನ್ನು ಆಡುತ್ತದೆ. ಆದ್ದರಿಂದಲೇ ನೂರು ಜಾತಿಯ ಪತಂಗಗಳಿರುವ ಕಾಡಿನಲ್ಲಿಯೂ ಗಂಡು ದಾರಿ ತಪ್ಪುವುದಿಲ್ಲ.

ಕೂಡಿದ ಬಳಿಕ ಹೆಣ್ಣು ಎಲೆಗಳ ಮೇಲೆ, ಹೆಚ್ಚಾಗಿ ಅಡಿಭಾಗದಲ್ಲಿ, ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆ ಸುಮಾರು ಎರಡೂವರೆ ಮಿಲಿಮೀಟರಿನ ಗುಂಡು ಕಾಳು. ಒಂದೂವರೆ ಎರಡು ವಾರಗಳಲ್ಲಿ ಒಡೆಯುತ್ತದೆ. ಕಂಬಳಿಹುಳು ಒಂದೇ ಗಿಡವನ್ನು ನಂಬಿದ್ದಲ್ಲ. ದಾಲ್ಚಿನ್ನಿ, ಪೇರಳೆ, ಹಾಲುಮಡ್ಡಿ ಮುಂತಾದ ಹಲವು ಮರಗಳ ಎಲೆಯನ್ನು ತಿನ್ನುತ್ತದೆ. ಬೆಳೆದಂತೆ ಐದಾರು ಬಾರಿ ಪೊರೆ ಬಿಟ್ಟು, ಕೊನೆಗೆ ಬೆರಳಿಗಿಂತ ದಪ್ಪವಾಗಿ, ಸುಮಾರು ೧೦ ಸೆಂಟಿಮೀಟರು ಉದ್ದವಾಗುತ್ತದೆ. ತಿಳಿಹಸಿರು ಮೈ, ಮೇಲೆ ಸಾಲಾಗಿ ಮೆತ್ತನೆಯ ಮುಳ್ಳುಗಳು, ಅವುಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಮೇಣದ ಪುಡಿ. ಕೆಣಕಿದರೆ ಕಟುವಾಸನೆಯ ದ್ರವವನ್ನು ಹೊರಹಾಕುತ್ತದೆ. ಪತಂಗದ ಆಯುಷ್ಯದಲ್ಲಿ ಊಟದ ಕಾಲವೆಂದರೆ ಇದೊಂದೇ.

ಗೂಡು ಕಟ್ಟುವಾಗ ಅದು ತೋರಿಸುವ ಜಾಣ್ಮೆಯನ್ನು ನೋಡಿಯೇ ತಿಳಿಯಬೇಕು. ಎಲೆಯೊಳಗೆ ಗೂಡು ಕಟ್ಟಿದರೆ ಎಲೆ ಒಣಗಿ ಉದುರಿದಾಗ ಗೂಡೂ ನೆಲ ಸೇರಬೇಕಷ್ಟೆ? ಅದಕ್ಕಾಗಿ ಹುಳು ಎಲೆಯ ತೊಟ್ಟನ್ನು ರೆಂಬೆಗೆ ಸೇರಿಸಿ ರೇಷ್ಮೆಯಿಂದ ಬಿಗಿಯಾಗಿ ಸುತ್ತುತ್ತದೆ. ಬಳಿಕ ಎಲೆಯನ್ನು ಮಡಿಸಿಕೊಂಡು ಒಳಗೆ ಕಾಗದದಂಥ ಕಂದು ಗೂಡನ್ನು ನೇಯುತ್ತದೆ. ಮೈಸೂರು ಸೀಮೆಯ ರೇಷ್ಮೆಹುಳುವಿನ ಗೂಡು ಎಲ್ಲ ಕಡೆಯೂ ಮುಚ್ಚಿರುತ್ತದೆ. ಅದರ ಪತಂಗ ಎಂಜಲಿನಿಂದ ಗೂಡನ್ನು ಮೆದುಮಾಡಿ ತೂರಿಬರಬೇಕು. ಅಟ್ಲಾಸ್ ಹುಳು ಮಾತ್ರ ಒಂದು ತುದಿಯಲ್ಲಿ ಬಾಗಿಲನ್ನು ಬಿಟ್ಟೇ ಕಟ್ಟುತ್ತದೆ. ಎಳೆಗಳ ತುದಿಗಳು ಹೊರಕ್ಕೆ ಬಾಗಿ ಸೇರಿರುವುದರಿಂದ ಒಳಗಿದ್ದವರು ತಳ್ಳಿಕೊಂಡು ಹೊರಬರಬಹುದು, ಹೊರಗಿನವರು ಒಳಹೋಗಲು ಸುಲಭವಲ್ಲ. ಹರಳೆಲೆ ತಿಂದು ಬೆಳೆಯುವ ಅಸ್ಸಾಮಿನ ಎರಿ ರೇಷ್ಮೆಹುಳು ಇದರ ಹತ್ತಿರದ ನೆಂಟ; ಅದರ ಗೂಡೂ ಹೀಗೆಯೇ. ಸುಮಾರು ಒಂದು ತಿಂಗಳಿಗೆ ಪತಂಗ ಹೊರಬರುತ್ತದೆ. ಒಣಹವೆಯಲ್ಲಿ ಇನ್ನೂ ಬಹುಕಾಲ ಒಳಗೇ ಉಳಿಯುವುದುಂಟು. ಹೊರಬಂದಾಗ ರೆಕ್ಕೆ ಮುದುಡಿದ ಒದ್ದೆ ಬಟ್ಟೆ. ತಲೆಕೆಳಗಾಗಿ ನೇತುಬಿದ್ದು, ಮೈಯ ದ್ರವವನ್ನು ರೆಕ್ಕೆಯ ನಾಳಗಳಿಗೆ ಒತ್ತಿ, ಅದನ್ನು ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಅದನ್ನು ಕೆಳಗೆ ಬೀಳಿಸಿದರೆ ರೆಕ್ಕೆ ಹಾಗೆಯೇ ಮುದುಡಿ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಇನ್ನು ನಾಗಶಲಭವೆಂಬ ಹೆಸರಿನ ವಿಚಾರ. ಮುಂದಿನ ರೆಕ್ಕೆಯ ತುದಿ ಹೊರಕ್ಕೆ ಬಾಗಿ, ಅಲ್ಲಿ ಹಳದಿಯೂ ಗುಲಾಬಿಯೂ ಬೆರೆತು, ಕಣ್ಣಿನಂತೆ ಒಂದು ಕಪ್ಪು ಚುಕ್ಕೆಯಿದೆ. ಕೆಳಗೆ ಬಾಯಿ ಸೀಳಿದಂತೆ ಒಂದು ಗೆರೆಯೂ ಇದೆ. ಪಕ್ಕದಿಂದ ನೋಡಿದವರಿಗೆ ಹಾವಿನ ತಲೆ ನೆನಪಾಗದಿರದು. ಪತಂಗವನ್ನು ಕೆಣಕಿದಾಗ ಅದು ನೆಲಕ್ಕೆ ಬಿದ್ದು ರೆಕ್ಕೆಗಳನ್ನು ನಿಧಾನವಾಗಿ ಹೊರಳಾಡಿಸುತ್ತದೆ. ಆಗ ಎರಡು ಹಾವುಗಳು ತಲೆ ಆಡಿಸಿದಂತೆ ತೋರುತ್ತದೆ. ಹಗಲು ಬೇಟೆಯಾಡುವ ಹಕ್ಕಿಗಳು ಇದರಿಂದ ಬೆದರುತ್ತವೆಂಬುದು ಬಹುಕಾಲದಿಂದ ಬಂದ ವಿವರಣೆ. ನಂಬಲು ಹಿತವಾದ ವಿವರಣೆ. ಆದರೆ ಹಿತವಾದುದೆಲ್ಲ ಸಿದ್ಧವಾದುದಲ್ಲ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿ ಮರೆಯಬಾರದು.

ಅದೇ ರೆಕ್ಕೆಯ ತುದಿಗೆ ಇನ್ನೊಂದು ಕೆಲಸವೂ ಇದೆಯೆಂದು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೨೧ರಲ್ಲಿ ಪ್ರಕಟಿಸಿದರು. ಪತಂಗ ಹಾರುವುದು ರಾತ್ರಿ. ರಾತ್ರಿಯ ಶತ್ರು ಬಾವಲಿ. ಬಾವಲಿ ನಮಗೆ ಕೇಳಿಸದ ಕೀರಲು ದನಿಯನ್ನು ಹೊರಡಿಸಿ, ಅದು ಬೇಟೆಗೆ ತಾಕಿ ಹಿಂದಿರುಗುವ ಮಾರ್ದನಿಯಿಂದ ಗುರಿ ಹಿಡಿಯುತ್ತದೆ. ಹಲವು ಜಾತಿಯ ಪತಂಗಗಳಿಗೆ ಈ ದನಿಯನ್ನು ಕೇಳುವ ಕಿವಿಗಳಿವೆ. ಕೇಳಿದೊಡನೆ ಅವು ದಿಕ್ಕು ಬದಲಿಸಿ ತಪ್ಪಿಸಿಕೊಳ್ಳುತ್ತವೆ. ಅಟ್ಲಾಸ್ ಪತಂಗದ ಕುಟುಂಬಕ್ಕೆ ಕಿವಿಯಿಲ್ಲ. ಬಾಯಿಲ್ಲದವನಿಗೆ ಕಿವಿಯೂ ಇಲ್ಲವಾಯಿತು! ಆದರೆ ಅದರ ಮೈಮೇಲಿನ ರೋಮ ಮತ್ತು ಶಲ್ಕಗಳು ದನಿಯನ್ನು ಹೀರಿಕೊಂಡು ಮಾರ್ದನಿಯನ್ನು ಕುಗ್ಗಿಸುತ್ತವೆ. ರೆಕ್ಕೆಯ ತುದಿಯ ಮಡಿಕೆಗಳಾದರೋ ದನಿಯನ್ನು ಬಲವಾಗಿ ಹಿಂದಕ್ಕೆ ಕಳಿಸುತ್ತವೆ. ಹಲವು ದಿಕ್ಕುಗಳಿಂದ ಕೇಳುವಾಗ ಮೈಯ ಮಾರ್ದನಿಗಿಂತ ತುದಿಯ ಮಾರ್ದನಿಯೇ ಜೋರು. ಬಾವಲಿ ಮೈಯೆಂದು ಭ್ರಮಿಸಿ ತುದಿಗೆ ಬಾಯಿ ಹಾಕುತ್ತದೆ. ತುದಿ ಹರಿದುಹೋದರೂ ಪತಂಗ ಹಾರಬಲ್ಲದು. ಹಾವಿನ ಕಥೆಗಿಂತ ಬಾವಲಿಯ ಕಥೆಗೆ ಅಳತೆಯ ಆಧಾರ ಹೆಚ್ಚೆಂದು ನನ್ನ ಅಭಿಪ್ರಾಯ. ಒಂದೇ ಅಂಗ ಹಗಲು ಒಬ್ಬ ಶತ್ರುವಿಗೆ, ಇರುಳು ಇನ್ನೊಬ್ಬನಿಗೆ ಉತ್ತರ ಕೊಡುತ್ತಿರಬಾರದೆಂದೇನೂ ಇಲ್ಲ. ನೀವು ಕಂಡ ಪತಂಗದ ರೆಕ್ಕೆ ಹರಿದಿದ್ದರೆ ಎಲ್ಲಿ ಹರಿದಿದೆಯೆಂದು ಬರೆದಿಡುವುದು ಈ ಕಾರಣದಿಂದ ಉಪಯುಕ್ತ.

ಕಾಡಿನಲ್ಲಿರಬೇಕಾದ ಪತಂಗ ನಮ್ಮ ಜಗಲಿಗೆ ಬಂದುದೇಕೆ? ದೀಪಕ್ಕೆ ಮುತ್ತುವ ಪತಂಗ ಕವಿಗಳಿಗೆ ಬಹು ಹಳೆಯ ಗೆಳೆಯ. ಪ್ರೇಮದಿಂದ ಬಂದು ಸುಟ್ಟುಕೊಳ್ಳುತ್ತದೆಂದು ಅವರೆನ್ನುತ್ತಾರೆ. ಚಂದ್ರನನ್ನು ನೋಡಿ ದಾರಿ ಹಿಡಿಯುವ ಪತಂಗ ದೀಪವನ್ನು ಚಂದ್ರನೆಂದು ತಪ್ಪು ತಿಳಿಯುತ್ತದೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ೨೦೨೪ರಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಅವರ ಸಂಗಡಿಗರು ವೇಗದ ಕ್ಯಾಮೆರಾಗಳಿಂದ ದೀಪದ ಸುತ್ತಲಿನ ಕೀಟಗಳ ಹಾರಾಟವನ್ನು ಚಿತ್ರಿಸಿ ಬೇರೊಂದು ವಿವರಣೆಯನ್ನು ಮುಂದಿಟ್ಟರು. ಕೀಟಗಳು ದೀಪದ ಕಡೆಗೆ ನೇರವಾಗಿ ಹಾರುತ್ತಿರಲಿಲ್ಲ. ದೀಪಕ್ಕೆ ಬೆನ್ನು ಕೊಡುತ್ತಿದ್ದವು. ರಾತ್ರಿಯಲ್ಲಿಯೂ ಆಕಾಶ ನೆಲಕ್ಕಿಂತ ಬೆಳ್ಳಗಿರುತ್ತದೆ. ಬೆಳಕಿನ ಕಡೆಗೆ ಬೆನ್ನಿಟ್ಟರೆ ಮೇಲು ಯಾವುದು ಕೆಳಗು ಯಾವುದು ಎಂಬುದು ಹಾರುವ ಕೀಟಕ್ಕೆ ತಾನಾಗಿಯೇ ತಿಳಿಯುತ್ತದೆ. ಕೋಟ್ಯಂತರ ವರ್ಷ ನಡೆದುಬಂದ ಈ ಏರ್ಪಾಡಿನ ನಡುವೆ ಪಕ್ಕದಲ್ಲಿ ಒಂದು ದೀಪ ಬಂದಾಗ, ಕೀಟ ಅದಕ್ಕೆ ಬೆನ್ನಿಡಲು ಹೋಗಿ ಓರೆಯಾಗುತ್ತದೆ, ಓರೆಯಾದುದು ಸುತ್ತತೊಡಗುತ್ತದೆ. ದೀಪ ಕೆಳಗಿದ್ದರೆ ತಲೆಕೆಳಗಾಗಿ ನೆಲಕ್ಕೆ ಬೀಳುತ್ತದೆ. ಎಲ್ಲ ಕೀಟಗಳೂ ಹೀಗೆ ಸಿಕ್ಕಿಬೀಳುವುದಿಲ್ಲ. ಕಣಗಿಲೆಯ ಎಲೆ ತಿಂದು ಬೆಳೆಯುವ ಹಸಿರು ಪತಂಗ, ನಮ್ಮ ಹಿತ್ತಲುಗಳಲ್ಲಿಯೂ ಇರುವಂಥದು, ದೀಪದ ಮೇಲೆ ನಿಶ್ಚಿಂತೆಯಿಂದ ಹಾರಿಹೋಯಿತೆಂದು ಅವರೇ ಬರೆದಿದ್ದಾರೆ.

ಈಗ ಅಟ್ಲಾಸ್ ಪತಂಗದ ಲೆಕ್ಕವನ್ನು ಮತ್ತೆ ನೆನೆಯಿರಿ. ಒಟ್ಟು ಏಳೆಂಟು ರಾತ್ರಿಗಳ ಆಯುಷ್ಯ, ಊಟವಿಲ್ಲ. ಬೀದಿದೀಪವೊಂದರ ಸುತ್ತ ಒಂದು ರಾತ್ರಿ ಸುತ್ತಿದ ಗಂಡು ತನ್ನ ಬದುಕಿನ ಎಂಟನೆಯ ಒಂದು ಭಾಗವನ್ನೂ ಸಾಕಷ್ಟು ಕೊಬ್ಬನ್ನೂ ಕಳೆದುಕೊಂಡಿತು. ಆ ರಾತ್ರಿ ಕಾಡಿನಲ್ಲಿ ಹೆಣ್ಣೊಂದು ವಾಸನೆ ಬಿಡುತ್ತ ಕುಳಿತಿದ್ದರೆ ಅದಕ್ಕೂ ಒಂದು ರಾತ್ರಿ ನಷ್ಟ. ಬೆಳಗ್ಗೆ ದೀಪದ ಕಂಬದಡಿಗೆ ಕಾಗೆ, ಕಾಜಾಣಗಳು ಬಂದರೆ ನೆಲದ ಮೇಲೆ ರೆಕ್ಕೆಗಳು ಮಾತ್ರ ಉಳಿಯುತ್ತವೆ. ಹಿಂದೆ ಹಳ್ಳಿಗಳಲ್ಲಿ ಸೀಮೆಯೆಣ್ಣೆಯ ಬುಡ್ಡಿಯ ಬೆಳಕು ಅಂಗಳವನ್ನು ದಾಟುತ್ತಿರಲಿಲ್ಲ. ಇಂದು ತೋಟದ ಅಂಚಿಗೂ ಬೆಳ್ಳನೆಯ ಎಲ್.ಇ.ಡಿ. ದೀಪಗಳು ಬಂದಿವೆ. ನೀಲಿ ಮತ್ತು ಅತಿನೇರಿಳೆ ಕಿರಣಗಳು ಹೆಚ್ಚಿರುವ ದೀಪಕ್ಕೆ ಕೀಟಗಳು ಹೆಚ್ಚು ಬರುತ್ತವೆ. ಹಳದಿ ಬೆಳಕಿಗೆ ಕಡಿಮೆ. ಜಗಲಿಗೆ ಹಳದಿ ಬಲ್ಬು ಹಾಕುವುದರಿಂದ ಊಟದ ತಟ್ಟೆಗೆ ಹುಳು ಬೀಳುವುದೂ ತಪ್ಪುತ್ತದೆಂಬುದನ್ನು ಮನೆಯ ಹಿರಿಯರಿಗೆ ಹೇಳಿದರೆ ಅವರು ಒಪ್ಪಬಹುದು.

ಪತಂಗಗಳ ಅಭ್ಯಾಸ ನಮ್ಮ ನಾಡಿಗೆ ಹೊಸದಲ್ಲ. ಬ್ರಿಟಿಷ್ ಭಾರತದ ಪತಂಗಗಳನ್ನು ಕುರಿತ ನಾಲ್ಕು ಸಂಪುಟಗಳನ್ನು ೧೮೯೨ರಿಂದ ೧೮೯೬ರವರೆಗೆ ಬರೆದ ಹ್ಯಾಂಪ್ಸನ್ ಮೊದಲು ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದವನು. ೧೯೩೭ರಲ್ಲಿ ಗಿಡುಗ ಪತಂಗಗಳ ಸಂಪುಟವನ್ನು ಸ್ಕಾಟ್ ಎಂಬವನೊಡನೆ ಹೊರತಂದ ಬೆಲ್ ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದು, ಕಂಬಳಿಹುಳುಗಳನ್ನು ಸಾಕಿ, ಯಾವುದು ಯಾವ ಎಲೆ ತಿನ್ನುತ್ತದೆಂದು ತಾನೇ ನೋಡಿ ಬರೆದವನು. ಬೆಲ್ ಮಾಡಿದ ಕೆಲಸಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಸೊಳ್ಳೆಪರದೆಯ ಬಟ್ಟೆ ಹೊದಿಸಿದ ಪೆಟ್ಟಿಗೆ, ದಿನವೂ ಹೊಸ ಎಲೆ, ಒಂದು ನೋಟುಪುಸ್ತಕ ಸಾಕು. ಹುಳು ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಎಲೆಯನ್ನು ಕೊಡಬೇಕು. ಪತಂಗ ಹೊರಬಂದಾಗ ರೆಕ್ಕೆ ಬಿಚ್ಚಲು ಸ್ಥಳವಿರುವಂತೆ ಪೆಟ್ಟಿಗೆ ಎತ್ತರವಾಗಿರಬೇಕು. ಹೆಣ್ಣು ಹೊರಬಂದರೆ ಆ ರಾತ್ರಿ ಪೆಟ್ಟಿಗೆಯನ್ನು ದೀಪವಿಲ್ಲದ ಹಿತ್ತಲಿನಲ್ಲಿಟ್ಟು, ಗಂಡುಗಳು ಎಷ್ಟು ಹೊತ್ತಿಗೆ, ಎಷ್ಟು ಬರುತ್ತವೆಂದು ಕಾದು ನೋಡಿ. ಫಾಬ್ರನ ಅನುಭವ ನಿಮ್ಮದೂ ಆದೀತು. ಅನಂತರ ಅದನ್ನು ಬಿಟ್ಟುಬಿಡಬೇಕು.

ಮೂರು ತಾಲ್ಲೂಕುಗಳೂ ಅಕ್ಕಪಕ್ಕದಲ್ಲಿದ್ದರೂ ಒಂದೇ ರೀತಿಯವಲ್ಲ. ಶೃಂಗೇರಿಯ ಕಡೆ, ಕಿಗ್ಗದ ಬೆಟ್ಟಗಳ ಬುಡದಲ್ಲಿ, ಮಳೆ ವಿಪರೀತ, ಕಾಡು ನಿತ್ಯಹಸಿರು. ಪೂರ್ವಕ್ಕೆ ನರಸಿಂಹರಾಜಪುರದ ಕಡೆ, ಭದ್ರಾ ಹಿನ್ನೀರಿನ ಸುತ್ತ, ಬೇಸಗೆಯಲ್ಲಿ ಎಲೆ ಉದುರಿಸುವ ತೇಗ, ಬಿದಿರುಗಳ ಕಾಡುಗಳಿವೆ. ಕೊಪ್ಪ ಇವೆರಡರ ನಡುವೆ. ಒಣಹವೆಯಲ್ಲಿ ಗೂಡಿನೊಳಗಿನ ವಾಸ ಲಂಬಿಸುವುದಾದರೆ, ಪತಂಗ ಕಾಣಿಸಿಕೊಳ್ಳುವ ತಿಂಗಳು ಈ ಮೂರು ಕಡೆ ಒಂದೇ ಆಗಿರಬೇಕೆಂದಿಲ್ಲ. ಮೂರೂ ಊರುಗಳ ಶಾಲೆಗಳವರು ಎರಡು ಮೂರು ವರ್ಷ ತಾರೀಖುಗಳನ್ನು ಬರೆದಿಟ್ಟು ಹೋಲಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ. ತಾರೀಖಿನ ಜೊತೆಗೆ ಊರು, ಹೊತ್ತು, ಗಂಡೋ ಹೆಣ್ಣೋ, ರೆಕ್ಕೆಯ ಅಗಲ, ಹತ್ತಿರದ ದೀಪದ ಬಣ್ಣ, ಅಂದಿನ ಮಳೆ, ಇಷ್ಟನ್ನು ಗುರುತು ಹಾಕಿಕೊಳ್ಳಬೇಕು. ಅಳೆಯಲು ಪತಂಗವನ್ನು ಹಿಡಿಯಬೇಕಾಗಿಲ್ಲ. ಅದು ಗೋಡೆಯ ಮೇಲಿರುವಾಗ ಪಕ್ಕದಲ್ಲಿ ಅಳತೆಪಟ್ಟಿಯನ್ನು ಹಿಡಿದು ಒಂದು ಚಿತ್ರ ತೆಗೆದುಕೊಂಡು, ಬಳಿಕ ದೀಪವನ್ನು ಆರಿಸಿದರೆ ಸಾಕು. ಕತ್ತಲಾದ ಸ್ವಲ್ಪ ಹೊತ್ತಿಗೆ ಬಹುಮಟ್ಟಿಗೆ ಅದು ತಾನೇ ಎದ್ದು ಹೋಗುತ್ತದೆ. ಬೆಳಗಿನವರೆಗೂ ಉಳಿದಿದ್ದರೆ, ಹಕ್ಕಿಗಳು ಏಳುವ ಮುನ್ನ ಕಾಗದದ ಹಾಳೆಯ ಮೇಲೆ ಮೆಲ್ಲನೆ ಹತ್ತಿಸಿಕೊಂಡು, ಎಲೆ ದಟ್ಟವಾಗಿರುವ ಗಿಡದ ಒಳಗೊಂಬೆಯಲ್ಲಿ ಬಿಡಬೇಕು.